ಸಂಸಾರ ಎಂಬ ಪಾರ್ಸೆಲ್ಲು

ಫೆಬ್ರವರಿ ೨, ಭಾನುವಾರ

ಈ ಡೈರಿಯನ್ನು ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಟಿವಿಯ ಒಂದು ಕಾಲಿನ ಕೆಳಗೆ ಒತ್ತಾಗಿ ಕೂತಿತ್ತು. ಇವತ್ತು ಎಳೆದು ತೆಗೆದೆ. ಟಿವಿ ಈಗ ಎಡಕ್ಕೆ ವಾಲಿದೆ, ಸುದ್ದಿ ಓದುವ ಹುಡುಗಿ ದಿಬ್ಬ ಇಳಿಯುತ್ತಿರುವಂತೆ ಕಾಣುತ್ತಾಳೆ. ಇರಲಿ. ಬರೆಯುವುದಕ್ಕೆ ಕಾರಣ, ಮನೆಯಲ್ಲಿ ಮಾತನಾಡಲು ಯಾರೂ ಇಲ್ಲ. ಯಾರೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಟು ಬಿ ಫ್ರ್ಯಾಂಕ್, ಮಾವ ಇದ್ದಾರೆ.

ಮಾವ ಎಂದರೆ ನನ್ನ ಹೆಂಡತಿಯ ಅಪ್ಪ. ಸಂಸ್ಕೃತದ ಮೇಷ್ಟ್ರಾಗಿದ್ದವರು, ಈಗ ಎಂಬತ್ತಾರು. ಅತ್ತೆ ತೀರಿಕೊಂಡ ಮೇಲೆ ಇವಳು ಹಟ ಹಿಡಿದು ಅವರನ್ನು ಕರೆತಂದು ಬೀದಿ ಕಡೆಯ ಕೋಣೆ ಬಿಟ್ಟುಕೊಟ್ಟಳು. ಆಮೇಲೆ, ಹೋದ ವರ್ಷದ ಹಿಂದಿನ ವರ್ಷ, ಅವಳೇ ಅಮ್ಮನ ಹಿಂದೆ ಹೊರಟುಬಿಟ್ಟಳು. ಅಳಿಯ ಅಲ್ಲ, ಮಗಳ ಗಂಡ ಎಂದು ಗಾದೆ. ಮಗಳೇ ಇಲ್ಲದ ಮೇಲೆ ನಾನು ಅದೂ ಅಲ್ಲ, ಇದೂ ಅಲ್ಲ.

ಜಗಳವೇನೂ ಆಗಿಲ್ಲ. ಜಗಳವಾಡಲು ಮಾತು ಬೇಕಲ್ಲ. ಅವಳಿದ್ದಾಗ ಅವರು ಅವಳಿಗೆ ಹೇಳುತ್ತಿದ್ದರು, ಅವಳು ನನಗೆ ಹೇಳುತ್ತಿದ್ದಳು, ನಾನು ಅವಳಿಗೆ, ಅವಳು ಅವರಿಗೆ. ಈಗ ಆ ಜಾಗದಲ್ಲಿ ಫ್ರಿಜ್ಜಿದೆ. ಮಾವ ಬೆಳಿಗ್ಗೆ ಅದರ ಬಾಗಿಲು ತೆರೆದು ಒಳಗಿನ ದೀಪಕ್ಕೆ ಹೇಳಿದರು: “ಈ ಮನೇಲಿ ಕೆಲವರು ಬೆಣ್ಣೆ ಡಬ್ಬಿಯೊಳಗೇ ಚಾಕು ಬಿಟ್ಟು ಹೋಗ್ತಾರೆ.” ನಾನು ಚಹಾದ ಕೆಟಲ್ಲಿಗೆ ಹೇಳಿದೆ: “ಕೆಲವರಿಗೆ ಕೈ ಇದ್ರೆ ತೆಗೆದಿಡಬಹುದು.” ಅಷ್ಟೇ. ಊಟದ ಹೊತ್ತಿಗೆ ಅವರು ಅವರ ಕೋಣೆಯಲ್ಲಿ, ನಾನು ಅಡುಗೆಕಟ್ಟೆಯ ಮುಂದೆ ನಿಂತುಕೊಂಡೇ.

ಟು ಕಟ್ ದಿ ಲಾಂಗ್ ಸ್ಟೋರಿ ಶಾರ್ಟ್, ಇವತ್ತು ಬಾಮೈದನಿಗೆ ಫೋನ್ ಮಾಡಿದೆ. “ನಿಮ್ಮಪ್ಪನನ್ನ ಸ್ವಲ್ಪ ದಿನ ನೀನು ನೋಡ್ಕೊಳಪ್ಪ” ಎಂದೆ. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. “ಆಯ್ತು ಭಾವ, ಮಾರ್ಚ್ ಒಂದಕ್ಕೆ ಕಾರ್ ತರ್ತೀನಿ” ಎಂದ. ಮಾವನಿಗೂ ಅವನೇ ತಿಳಿಸಿದನಂತೆ. ಸಂಜೆ ಅವರು ಅಟ್ಟದಿಂದ ಕಂದು ಸೂಟ್‌ಕೇಸ್ ಇಳಿಸಿಕೊಳ್ಳುವ ಸದ್ದು ಕೇಳಿತು. ನಾನು ಹೋಗಿ ಹಿಡಿದುಕೊಳ್ಳಬಹುದಿತ್ತು. ಟಿವಿಯ ಕಾಲು ಸರಿಮಾಡುತ್ತಿದ್ದೆ.

ಫೆಬ್ರವರಿ ೪, ಮಂಗಳವಾರ

ಪದಕೂಟದ ದೊಡ್ಡ ಟೀಚರ್ ಫೋನ್ ಮಾಡಿದ್ದರು. ಅವರು ಟೀಚರ್ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ದೊಡ್ಡದು ಮಾತ್ರ ಬಿಟ್ಟಿಲ್ಲ.

ಪದಕೂಟ ಅಂದರೆ ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿರುವ ಓದುವ ಕೋಣೆಯವರು ನಡೆಸುವ ಸ್ಪರ್ಧೆ. ವರ್ಷಕ್ಕೊಂದು ಶಬ್ದ. ಜೋಡಿಯಾಗಿ ಬರಬೇಕು. ಒಬ್ಬರು ಶಬ್ದದ ಹುಟ್ಟು ಹೇಳಬೇಕು, ಇನ್ನೊಬ್ಬರು ಅದು ಯಾವ ಯಾವ ಭಾಷೆಗೆ ಹೋಗಿ ಏನೇನಾಯಿತು ಎಂಬ ತಿರುಗಾಟ ಹೇಳಬೇಕು. ಕೈಯಲ್ಲಿ ಕಾಗದ ಇರಬಾರದು. ಮೇಜಿನ ಮೇಲೆ ಮೊಟ್ಟೆ ಬೇಯಿಸುವವರು ಇಟ್ಟುಕೊಳ್ಳುವಂಥ ಮರಳು ಗಡಿಯಾರ ಇರುತ್ತದೆ. ಜೋಡಿಯಲ್ಲಿ ಇಬ್ಬರೂ ಸುಮ್ಮನಾದರೆ ಟೀಚರ್ ಅದನ್ನು ತಿರುವಿ ಇಡುತ್ತಾರೆ. ಮರಳು ಪೂರ್ತಿ ಬೀಳುವುದರೊಳಗೆ ಒಬ್ಬರಾದರೂ ಬಾಯಿ ಬಿಡದಿದ್ದರೆ ಕೆಳಗಿಳಿಯಬೇಕು. ಕೊನೆಗೆ ಕೇಳಲು ಬಂದವರು ತಮಗೆ ಇಷ್ಟವಾದ ಜೋಡಿಯ ಗಾಜಿನ ಜಾಡಿಗೆ ಒಂದೊಂದು ಅಂಗಿ ಗುಂಡಿ ಹಾಕುತ್ತಾರೆ. ಗೆದ್ದವರಿಗೆ ಒಂದು ಹಿತ್ತಾಳೆ ಗಂಟೆ, ವರ್ಷಪೂರ್ತಿ ಅವರ ಮನೆಯಲ್ಲಿ.

ಮಾವ ಮತ್ತು ಇವಳು ಜೋಡಿಯಾಗಿ ಹೋಗುತ್ತಿದ್ದರು. ಗಂಟೆ ನಮ್ಮ ಮನೆಯಲ್ಲೇ ಬೇರು ಬಿಟ್ಟಿತ್ತು. ಅವಳು ಹೋದ ಮೇಲೆ ಅದು ವಕೀಲ ದಂಪತಿಗಳ ಮನೆ ಸೇರಿತು. ಅವರು ಅದನ್ನು ಬೀದಿಗೆ ಕಾಣುವ ಕಿಟಕಿಯಲ್ಲಿ ಇಟ್ಟಿದ್ದಾರೆ, ಹೋಗುತ್ತ ಬರುತ್ತ ನಾವು ನೋಡಲಿ ಅಂತ.

ಈ ಸಲದ ಶಬ್ದ “ಸಂಸಾರ”. ಫೆಬ್ರವರಿ ಇಪ್ಪತ್ತೆರಡಕ್ಕೆ.

ಸ್ಪೀಕರಿನಲ್ಲಿ ಹಾಕಿದ್ದೆ, ಮಾವನಿಗೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಫ್ರಿಜ್ಜಿನ ಬಾಗಿಲು ತೆರೆಯಿತು.

“ಹೊರಡೋ ಮುಂಚೆ ಒಂದು ಸಲ ಅಲ್ಲಿ ನಿಂತು ಬರಬೇಕು ಅಂತ ಆಸೆ. ಜೋಡಿಗೆ ಯಾರೂ ಸಿಗದೇ ಇದ್ರೆ, ಕೆಲವರನ್ನೇ ಕರ್ಕೊಂಡು ಹೋಗ್ಬೇಕಾಗುತ್ತೆ.”

ನಾನು ಕೆಟಲ್ಲಿಗೆ ನೀರು ತುಂಬಿಸಿದೆ. ಅವರು ಬಾಗಿಲು ಮುಚ್ಚದೆ ನಿಂತೇ ಇದ್ದರು. ಫ್ರಿಜ್ಜು ಕೂಗಿಕೊಳ್ಳಲು ಶುರುಮಾಡಿತು. ಒಳಗಿನ ಹಾಲು ಕೆಡುತ್ತದೆ ಎಂದು “ಆಯ್ತು” ಅಂದೆ. ಹಾಲಿಗೋಸ್ಕರ ಅಂದದ್ದು.

ಫೆಬ್ರವರಿ ೮, ಶನಿವಾರ

ತಿರುಗಾಟ ನನ್ನ ಪಾಲಿನದು. ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮೇಜರ್, ಪಾಸ್ ಕ್ಲಾಸು. ಪ್ರೆಸಿ ರೈಟಿಂಗ್ ಎಂದು ಒಂದಿತ್ತು: ಉದ್ದದ್ದನ್ನು ಮೂರನೆಯ ಒಂದು ಭಾಗ ಮಾಡಬೇಕು. ನನ್ನದು ಮೂರು ಪಾಲು ಹೆಚ್ಚಾಗುತ್ತಿತ್ತು. ಮೇಷ್ಟ್ರು “ಯು ಆರ್ ಬೀಟಿಂಗ್ ದಿ ಬುಷ್” ಎನ್ನುತ್ತಿದ್ದರು, ಮಧ್ಯೆ ಇನ್ನೇನೋ ಒಂದು ಪದವಿತ್ತು, ಮರೆತಿದೆ.

ನಿಘಂಟು ನೋಡಿ ಬಾಯಿಪಾಠ ಮಾಡಿದರೆ ಆಯಿತು ಎಂದುಕೊಂಡಿದ್ದೆ. ಆದರೆ ಇವಳು ಹಾಗೆ ಮಾಡುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವರನ್ನು ಕೇಳಿ ಕೇಳಿ ಬರುತ್ತಿದ್ದಳು. ನನಗೆ ಪಾರ್ಸೆಲ್ ಶೆಡ್ಡಿದೆ. ಶೆಡ್ಡಿನಲ್ಲಿ ಎಲ್ಲಾ ಭಾಷೆಯವರೂ ಇದ್ದಾರೆ. ಇಷ್ಟು ವರ್ಷ ಸೂಪರ್‌ವೈಸರ್ ಆಗಿ ಅವರಿಗೆಲ್ಲ “ಬೇಗ, ಬೇಗ” ಎಂದದ್ದು ಬಿಟ್ಟರೆ ಬೇರೇನು ಮಾತನಾಡಿದ್ದೇನೋ ನೆನಪಿಲ್ಲ.

ಇವತ್ತು ಬೆಲ್ಟು ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಬರುವವರೆಗೆ ಎಲ್ಲರೂ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಹೋಗಿ ನಡುವೆ ಕೂತೆ. ಸಾಹೇಬರಿಗೆ ಏನಾಯಿತೋ ಎಂದು ಎಲ್ಲರೂ ಎದ್ದು ನಿಂತರು. ಕೂರಿಸಿ ಕೇಳಿದೆ.

ಹಿಂದಿಯ ಲಾರಿ ಡ್ರೈವರ್ ಎರಡೂ ಕೈ ಅಗಲಿಸಿ ಛಾವಣಿ, ಗೋಡೆ, ಗೇಟಿನಾಚೆಯ ರಸ್ತೆ ಎಲ್ಲ ತೋರಿಸಿದ. ಅವನಿಗೆ ಸಂಸಾರ ಎಂದರೆ ಇಡೀ ಜಗತ್ತು. “ಅಷ್ಟು ದೊಡ್ಡದಾ?” ಎಂದೆ. “ಡೀಸೆಲ್ ಇದ್ರೆ ಅಷ್ಟೇನೂ ದೊಡ್ಡದಲ್ಲ” ಎಂದ.

ಲೆಕ್ಕದ ಮರಾಠಿ ಅಕ್ಕನಿಗೆ ಅದು ಮದುವೆಯಾಗಿ ಹೂಡುವ ಮನೆ. ಪಾತ್ರೆ, ಹಾಸಿಗೆ, ಬಕೆಟ್ಟು, ಎಲ್ಲ ಸೇರಿ ಸಂಸಾರ. ಬಂಗಾಳಿ ಪ್ಯಾಕರ್ ಬಾಯಲ್ಲಿ ಅದು ದುಂಡಗಾಗಿ “ಸೊಂಗ್‌ಶಾರ್”. ಅವನಿಗೂ ಮನೆ, ಹೆಂಡತಿ ಮಕ್ಕಳು, ದಿನದ ತಾಪತ್ರಯ. “ನಂಗಿನ್ನೂ ಇಲ್ಲ ಸಾರ್, ಆದ್ರೂ ತಾಪತ್ರಯ ಮಾತ್ರ ಅಡ್ವಾನ್ಸ್ ಬಂದಿದೆ” ಎಂದ. ಫೋರ್ಕ್‌ಲಿಫ್ಟಿನ ತಮಿಳು ಅಣ್ಣ, ತನ್ನ ತಾತ ಹೆಂಡತಿಯನ್ನೇ ಸಂಸಾರಂ ಎನ್ನುತ್ತಿದ್ದರು ಎಂದ. “ಇವರು ನಮ್ಮ ಸಂಸಾರಂ” ಎಂದು ಬಂದವರಿಗೆ ಪರಿಚಯ ಮಾಡಿಕೊಡುತ್ತಿದ್ದರಂತೆ. ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲವಂತೆ.

ಒಂದೇ ಲೇಬಲ್ ಅಂಟಿಸಿದ ಪಾರ್ಸೆಲ್ಲು. ಪ್ರತಿ ಮನೆಯಲ್ಲೂ ಬಿಚ್ಚಿದಾಗ ಒಳಗೆ ಬೇರೆ ಬೇರೆ ಸಾಮಾನು. ತೆಲುಗಿನ ಕಾವಲುಗಾರನನ್ನು ಕೇಳುವಷ್ಟರಲ್ಲಿ ಬೆಲ್ಟು ಓಡತೊಡಗಿತು, ನಾನು ಅಭ್ಯಾಸಬಲದಿಂದ “ಬೇಗ, ಬೇಗ” ಎಂದೆ. ಎಲ್ಲರೂ ನಕ್ಕರು. ನಗುವಂಥದ್ದು ಏನಿತ್ತೋ.

ಫೆಬ್ರವರಿ ೧೧, ಮಂಗಳವಾರ

ತಾಲೀಮು ಮಾಡಲು ಹೋಗಿ ಯಡವಟ್ಟು. ಮಾವ ಫ್ರಿಜ್ಜಿಗೆ ಪಾಠ ಹೇಳುತ್ತಾರೆ, ನಾನು ಕೆಟಲ್ಲಿಗೆ ಒಪ್ಪಿಸುತ್ತೇನೆ. ಈ ಚಂದಕ್ಕೆ ಇಬ್ಬರ ಬದಲು ಅವೆರಡನ್ನೇ ಕಳಿಸಿದರೆ ಸರಿ.

ಫೆಬ್ರವರಿ ೧೩, ಗುರುವಾರ

ಹಲ್ಲು ನೋವು.

ಫೆಬ್ರವರಿ ೧೭, ಸೋಮವಾರ

ಹಲ್ಲು ಹೋಯಿತು. ಕೆಳಗಿನ ದವಡೆಯ ಹಿಂದಿನದು. ಇವತ್ತಿನದು ಉದ್ದಕ್ಕೆ ಬರೆಯುತ್ತೇನೆ. ಬಾಯಿ ಆಡಿಸಬಾರದು, ಕೈ ಆಡಿಸಬಹುದಲ್ಲ.

ಹಲ್ಲಿನ ಡಾಕ್ಟರಮ್ಮ ಮಲಯಾಳಂನವರು. ಕಿತ್ತು, ಹತ್ತಿ ತುರುಕಿ, “ಇನ್ನು ಎರಡು ಗಂಟೆ ಮಾತಾಡೋ ಹಾಗಿಲ್ಲ” ಎಂದರು. ಆಮೇಲೆ ನಕ್ಕು, “ನಮ್ಮ ಭಾಷೇಲಿ ಇದನ್ನ ಸಂಸಾರಂ ಪಾಡಿಲ್ಲ ಅಂತೀವಿ. ನಮಗೆ ಸಂಸಾರ ಅಂದ್ರೆ ಮಾತುಕತೆ. ಪೇಷಂಟಿಗೆ ಹೀಗೆ ಹೇಳಿದಾಗೆಲ್ಲ ನಮ್ಮ ಕನ್ನಡದ ಕಂಪೌಂಡರ್ ನಗ್ತಾರೆ” ಎಂದರು. ನಾನು ಕುರ್ಚಿಯಲ್ಲಿ ಎದ್ದು ಕೂತೆ. ಅವರನ್ನು ಕೇಳಬೇಕಾದದ್ದು ರಾಶಿ ಇತ್ತು. ಮಾತುಕತೆ ಅಂದರೆ ಬರೀ ಮಾತೋ, ಇಬ್ಬರ ಮಧ್ಯದ್ದೋ? ಒಬ್ಬನೇ ಗೊಣಗಿದರೆ ಅದೂ ಸಂಸಾರವೋ? ಬಾಯಿ ತುಂಬ ಹತ್ತಿ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎಂಬುದರ ಉಲ್ಟಾ. ಕೈಸನ್ನೆ ಮಾಡಿದೆ, ಅವರು ಇನ್ನೊಂದು ತುಂಡು ಹತ್ತಿ ಇಟ್ಟರು.

ಮನೆಗೆ ಬಂದಾಗ ಮಾವ ಫ್ರಿಜ್ಜಿನ ಮುಂದೆ ಇದ್ದರು. “ಕೆಲವರು ಹೇಳದೆ ಕೇಳದೆ ಬೆಳಿಗ್ಗೇನೇ ಎದ್ದು ಹೋಗ್ತಾರೆ” ಎಂದರು. ನನ್ನ ಬಾಯಲ್ಲಿ ಇನ್ನೂ ಹತ್ತಿ. ಕೆಟಲ್ಲಿನ ಹತ್ತಿರವೂ ಹೋಗಲಿಲ್ಲ. ಅವರು ಮತ್ತೊಮ್ಮೆ ಹೇಳಿದರು. ಆಮೇಲೆ ತಿರುಗಿ ನನ್ನ ಮುಖವನ್ನೇ ನೋಡಿದರು. ಅದು ಒಂದು ಕಡೆ ಹಲಸಿನ ಹಾಗೆ ಊದಿತ್ತು.

“ಹಲ್ಲು ಕೀಳಿಸಿದ್ರಾ ಅಳಿಯಂದ್ರೆ?”

ತಲೆ ಆಡಿಸಿದೆ.

“ಮಾತಾಡೋ ಹಾಗಿಲ್ವಾ?”

ಇಲ್ಲ ಎಂದು ಆಡಿಸಿದೆ.

“ಹಾಗಾದ್ರೆ ಕೂತ್ಕೊಳಿ” ಎಂದು ಕುರ್ಚಿ ಎಳೆದುಕೊಟ್ಟು, ಎದುರಿಗೆ ತಾವೂ ಕೂತರು. ಇಷ್ಟು ವರ್ಷದಲ್ಲಿ ನಾನು ಅಡ್ಡಬಾಯಿ ಹಾಕಲಾರೆ ಎಂಬುದು ಅವರಿಗೆ ಖಾತ್ರಿಯಾದದ್ದು ಇದೇ ಮೊದಲಿರಬೇಕು. ಸಿಕ್ಕಿದ್ದೇ ಚಾನ್ಸು ಎಂದು ಶುರುಮಾಡಿದರು.

“ಸೃ ಅನ್ನೋದು ಧಾತು. ಹರಿಯೋದು, ಸಾಗೋದು. ನದಿಗೆ ಸರಿತ್ ಅಂತಾರಲ್ಲ, ಅದೂ ಇದರ ಮಗಳೇ. ಪ್ರಸಾರ, ಅನುಸಾರ, ಎಲ್ಲ ಒಂದೇ ಮನೆಯವು. ಹಿಂದೆ ಸಂ ಸೇರಿತು. ಸಂ ಅಂದ್ರೆ ಕೂಡಿ, ಜೊತೆಗೆ. ಜೊತೆಗೆ ಹರಿದು ಹೋಗೋದು ಸಂಸಾರ. ಹಳಬರು ಇದನ್ನ ಹುಟ್ಟು ಸಾವಿನ ಸುತ್ತಾಟಕ್ಕೆ ಇಟ್ರು. ಜನ ಅದನ್ನ ತಂದು ಮನೆಗೆ, ಒಲೆಗೆ, ಹೆಂಡತಿಗೆ ಇಟ್ರು. ಯಾರು ಸರಿ ಅಂತ ನನ್ನ ಕೇಳಬೇಡಿ. ನಾನು ಬರೀ ಹುಟ್ಟು ಹೇಳೋನು.”

ನಾನು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ.

“ಇವಳು ಲಂಗ ಹಾಕ್ಕೊಳ್ಳೋ ವಯಸ್ಸಲ್ಲಿ ಇದನ್ನೇ ಒಂದಿನ ಹೇಳಿಕೊಟ್ಟೆ. ‘ಜೊತೆಗೆ ಅಂದ್ರೆ ಯಾರ ಜೊತೆಗೆ ಅಪ್ಪಾ?’ ಅಂದ್ಲು. ಸುಮ್ನೆ ಓದೇ ಅಂದೆ. ಆಮೇಲೂ ಕೇಳ್ತಾನೇ ಇದ್ಲು, ದೊಡ್ಡವಳಾದ ಮೇಲೂ, ನನ್ನ ರೇಗಿಸೋಕೆ. ವ್ಯಾಕರಣದಲ್ಲಿ ಅದಕ್ಕೆ ಉತ್ತರ ಇಲ್ಲ.”

ಆಮೇಲೆ ತಾವಾಗಿ ಎದ್ದು ಹಾಲು ಬಿಸಿ ಮಾಡಿ, ಆರಿಸಿ, ಚಮಚ ಹಾಕಿ ಕೊಟ್ಟರು. ಸಕ್ಕರೆ ಜಾಸ್ತಿ. ಹೇಳಲು ಬಾಯಿರಲಿಲ್ಲ.

ಡಾಕ್ಟರಮ್ಮ ಹೇಳಿದ ಎರಡು ಗಂಟೆ ಕಳೆದು ಬಹಳ ಹೊತ್ತಾದ ಮೇಲೂ ನಾನು ಹತ್ತಿ ತೆಗೆದಿರಲಿಲ್ಲ. ಮುಂಜಾಗ್ರತೆ ಒಳ್ಳೆಯದು. ಎ ಸ್ಟಿಚ್ ಇನ್ ಟೈಮ್ ಸೇವ್ಸ್ ಏಳೋ, ಒಂಬತ್ತೋ.

ಫೆಬ್ರವರಿ ೨೦, ಗುರುವಾರ

ಬಾಯಿ ಬಂತು, ಜಗಳವೂ ಬಂತು. ನಾನು ಮಲಯಾಳಂನ ಮಾತುಕತೆಯನ್ನು ಕೊನೆಗೆ ಇಡೋಣ ಎಂದೆ. ಮಾವ ಮೊದಲಿಗೇ ಎಂದರು. ನಾನು “ಲಾಸ್ಟ್ ಬಟ್ ನಾಟ್ ಲೀಸ್ಟ್” ಎಂದೆ. ಅವರು “ನಿಮ್ಮ ಇಂಗ್ಲಿಷು ಒಲೆಗೆ ಹಾಕಿ” ಎಂದರು. ಹಾಲಿನ ಪಾತ್ರೆ ಯಾರು ತೊಳೆಯಬೇಕು, ಕಿಟಕಿ ಎಷ್ಟು ತೆರೆದಿಡಬೇಕು, ಸಂಸಾರದಲ್ಲಿ ಸಾರವಿದೆಯೇ ಇಲ್ಲವೇ, ಎಲ್ಲದಕ್ಕೂ ಜಗಳ. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಹಾಗಾದರೆ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ. ಊಟ ಮುಗಿದರೂ ತಟ್ಟೆಯ ಮುಂದೆ ಕೂತೇ ಇದ್ದೆವು, ಕೈ ಒಣಗಿತ್ತು.

ನೆಮ್ಮದಿಯೇ ಇಲ್ಲ ಈ ಮನೆಯಲ್ಲಿ. ಇನ್ನೇನು, ಮಾರ್ಚ್ ಒಂದು ಬಂತು.

ಅವರ ಸೂಟ್‌ಕೇಸಿನಲ್ಲಿ ಅಂಗಿಗಳನ್ನು ಉಂಡೆ ಕಟ್ಟಿ ತುರುಕಿದ್ದು ನೋಡಿದೆ. ಸುಕ್ಕಾಗಿ ಹೋದರೆ ಬಾಮೈದನ ಮನೆಯವರು ನನ್ನನ್ನು ಆಡಿಕೊಳ್ಳುತ್ತಾರೆ. ತೆಗೆದು ಇಸ್ತ್ರಿ ಮಾಡಿ ಸದ್ಯಕ್ಕೆ ಬೀರುವಿನಲ್ಲಿ ನೇತು ಹಾಕಿದೆ.

ಫೆಬ್ರವರಿ ೨೩, ಭಾನುವಾರ, ಬೆಳಿಗ್ಗೆ

ನಿನ್ನೆಯದನ್ನು ಬರೆಯಬೇಕು. ಪಕ್ಕದ ಕೋಣೆಯಲ್ಲಿ ಗಂಟೆ ಹೊಡೆಯುತ್ತಿದೆ. ಚಹಾ ಬೇಕಂತೆ. ತಡೆಯಲಿ, ಗೆದ್ದವರಿಗೂ ಸ್ವಲ್ಪ ತಾಳ್ಮೆ ಬೇಕು.

ಓದುವ ಕೋಣೆ ತುಂಬಿತ್ತು. ಕುರ್ಚಿ ಸಾಲದೆ ಕೆಳಗಿನ ಅಂಗಡಿಯವರು ಮಾರುವ ಕುರ್ಚಿಗಳನ್ನು ಬೆಲೆ ಚೀಟಿ ಸಮೇತ ಹೊತ್ತು ತಂದರು. ಶೆಡ್ಡಿನವರು ಒಂದು ಸಾಲು ಪೂರ್ತಿ ಹಿಡಿದಿದ್ದರು. ನಾನು ಕರೆದಿರಲಿಲ್ಲ, ಬರೀ ಸಮಯ ಮತ್ತು ವಿಳಾಸ ಹೇಳಿದ್ದೆ. ಹಲ್ಲಿನ ಡಾಕ್ಟರಮ್ಮ ಕೂಡ ಬಂದು ನನ್ನ ದವಡೆಯನ್ನೇ ನೋಡುತ್ತ ಕೂತರು.

ಮೊದಲು ವಕೀಲ ದಂಪತಿಗಳು. ಏನು ತಯಾರಿ, ಏನು ಗತ್ತು. ಗಂಡ ನಿಲ್ಲಿಸಿದಲ್ಲಿ ಹೆಂಡತಿ ಎತ್ತಿಕೊಳ್ಳುತ್ತಿದ್ದರು, ಹೊಲಿಗೆ ಕಾಣದ ಅಂಗಿಯ ಹಾಗೆ. ಮರಳು ಗಡಿಯಾರವನ್ನು ಟೀಚರ್ ಒಮ್ಮೆಯೂ ಮುಟ್ಟಬೇಕಾಗಲಿಲ್ಲ. ಇಳಿಯುವಾಗ ವಕೀಲರು ಮಾವನಿಗೆ ಬಾಗಿ, “ಮೇಷ್ಟ್ರೆ, ಗಂಟೆ ಹೊಳಪು ಮಾಡಿಸಿಟ್ಟಿದೀನಿ, ನೋಡ್ಕೊಂಡು ಹೋಗಿ” ಎಂದರು. ತಗೊಂಡು ಹೋಗಿ ಎನ್ನಲಿಲ್ಲ.

ನಾವು ಹತ್ತಿದೆವು. ಮಾವ ನನ್ನ ಭುಜ ಹಿಡಿದು ಮೆಟ್ಟಿಲೇರಿದರು. ದನಿ ತೆಳ್ಳಗಾಗಿದ್ದರೂ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು. ಸೃ ಎಂದರು, ಹರಿಯುವುದು ಎಂದರು, ನದಿಯನ್ನು ತಂದರು. “ಇದರ ಹಿಂದೆ ಸಂ ಸೇರಿತು” ಎಂದರು. “ಸಂ ಅಂದರೆ ಕೂಡಿ. ಜೊತೆಗೆ.”

ನಿಂತರು.

ನಾನು ಉಸಿರಿಗೆ ನಿಲ್ಲಿಸಿದರು ಎಂದುಕೊಂಡೆ. ಅವರು ಮುಂದಿನ ಸಾಲಿನಲ್ಲಿ ಖಾಲಿ ಇದ್ದ ಒಂದು ಕುರ್ಚಿ ನೋಡುತ್ತಿದ್ದರು. ಬೆಲೆ ಚೀಟಿ ನೇತಾಡುತ್ತಿದ್ದ ಕುರ್ಚಿ. ತುಟಿ ಮತ್ತೆ “ಜೊತೆಗೆ” ಎಂದು ಆಡಿತು, ದನಿ ಬರಲಿಲ್ಲ. ಟೀಚರ್ ಸ್ವಲ್ಪ ಕಾದು, ಬೇರೆ ದಾರಿಯಿಲ್ಲದೆ ಗಡಿಯಾರ ತಿರುವಿ ಇಟ್ಟರು.

ಈಗ ನಿಯಮದ ಪ್ರಕಾರ ನಾನು ಮಾತು ಎತ್ತಿಕೊಳ್ಳಬೇಕು. ಎಲ್ಲ ಬಾಯಿಪಾಠ ಇತ್ತು. ಹಿಂದಿ, ಮರಾಠಿ, ಬಂಗಾಳಿ, ಸಾಲಾಗಿ ಬೆಲ್ಟಿನ ಮೇಲೆ ಬರುವ ಪೆಟ್ಟಿಗೆಗಳ ಹಾಗೆ. ಒಂದೂ ಬರಲಿಲ್ಲ. ತಲೆ ಖಾಲಿ. ಆ ಖಾಲಿ ತಲೆಯೊಳಗೆ ಇದ್ದದ್ದು ಒಂದೇ ಯೋಚನೆ, ಅದು ಮೆಟ್ಟಿಲು ಹತ್ತುವಾಗಿನಿಂದ ನನ್ನನ್ನು ಕೊರೆಯುತ್ತಿತ್ತು. ಮರಳು ಅರ್ಧಕ್ಕೂ ಕೆಳಗೆ ಇಳಿದಿತ್ತು. ಬಾಯಿಂದ ಅದೇ ಬಂತು.

“ಮಾವ, ಬರೋವಾಗ ಗ್ಯಾಸ್ ಆರಿಸಿದ್ರಾ?”

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಏನು?”

“ಗ್ಯಾಸು. ಹಾಲು ಕಾಯೋಕೆ ಇಟ್ಟಿದ್ರಲ್ಲ.”

“ಇಟ್ಟಿದ್ದು ನಾನು. ಆರಿಸೋದು ನಿನ್ನ ಕೆಲಸ ಕಣಯ್ಯಾ.”

“ನನ್ನ ಕೆಲಸ ಹೇಗಾಗುತ್ತೆ? ಕೊನೆಗೆ ಅಡುಗೆಮನೆಯಿಂದ ಬಂದೋರು ನೀವು.”

“ಬೀಗ ಹಾಕಿದ್ದು ಯಾರು? ಬೀಗ ಹಾಕೋನು ನೋಡ್ಬೇಕಾ ಬೇಡ್ವಾ? ಇವತ್ತಿನವರೆಗೂ ಒಂದು ದಿನ ಆ ಹಾಲಿನ ಕಡೆ ತಿರುಗಿ ನೋಡಿದೀಯಾ ನೀನು?”

“ದಿನಾ ಉಕ್ಕಿಸೋರು ನೀವು, ಒರೆಸೋನು ನಾನು.”

“ಒರೆಸ್ತಾನಂತೆ. ಅದೇ ಬಟ್ಟೇಲಿ ಕನ್ನಡಕಾನೂ ಒರೆಸ್ತಾನೆ.”

ಯಾರೋ ಕಿಸಕ್ಕೆಂದರು. ಆಮೇಲೆ ಶೆಡ್ಡಿನ ಸಾಲು ಪೂರ್ತಿ. ಆಮೇಲೆ ಇಡೀ ಕೋಣೆ. ಟೀಚರ ಕೈ ಮರಳು ಗಡಿಯಾರದ ಮೇಲೆ ಹಾಗೇ ನಿಂತಿತ್ತು. ವಕೀಲರು ಎದ್ದು, “ಇದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ” ಎಂದು ಆಕ್ಷೇಪಣೆ ಹಾಕಿದರು. ಟೀಚರ್, “ಸುಮ್ಮನಿರಬಾರದು ಅಂತ ನಿಯಮ ಇದೆ. ಜಗಳ ಆಡಬಾರದು ಅಂತ ಇಲ್ಲ” ಎಂದರು. ವಕೀಲರ ಹೆಂಡತಿಯೇ ಅವರ ಕೋಟು ಹಿಡಿದು ಕೂರಿಸಿದರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಕೂತಲ್ಲಿಂದಲೇ, “ನಮ್ಮ ಭಾಷೇಲಿ ಇದಕ್ಕೇ ಸಂಸಾರ ಅನ್ನೋದು” ಎಂದುಬಿಟ್ಟರು. ನಾನು ಲಾಸ್ಟ್ ಬಟ್ ನಾಟ್ ಲೀಸ್ಟ್ ಎಂದು ಇಟ್ಟುಕೊಂಡಿದ್ದು ಹೀಗೆ ಮೊದಲೇ ಒಡೆದುಹೋಯಿತು. ಮಾವ ಹೇಳಿದ ಹಾಗೇ ಆಯಿತು ಎಂದು ಅವರ ಮುಖ ನೋಡಿದೆ. ಅವರು ಸಭೆಯ ಕಡೆ ತಿರುಗಿ ನಿಂತಿದ್ದರು. ಖಾಲಿ ಕುರ್ಚಿಯನ್ನು ಈಗ ನೇರವಾಗಿ ನೋಡುತ್ತಿದ್ದರು.

“ಸಂ ಅಂದರೆ ಜೊತೆಗೆ ಅಂದೆ. ಯಾರ ಜೊತೆಗೆ ಅಂತ ನನ್ನ ಮಗಳು ಕೇಳ್ತಿದ್ಲು. ನಾನು ಉತ್ತರ ಕೊಡಲಿಲ್ಲ, ಗೊತ್ತಿರಲಿಲ್ಲ. ಈಗ ಹೇಳ್ತೀನಿ ಕೇಳಿ. ಮನೆ ಬೀಗ ಹಾಕಿ ಬಂದ ಮೇಲೆ ಗ್ಯಾಸ್ ಆರಿಸಿದ್ದು ಯಾರು ಅಂತ ಯಾರ ಹತ್ರ ಜಗಳ ಆಡ್ತೀವೋ, ಅವರ ಜೊತೆಗೆ.”

ನಂತರ ಏನು ನುಗ್ಗಿತೋ, ತಡೆಯಿಲ್ಲದೆ ಬಂತು. ಮಾವ ಒಂದು ಹೇಳಿದರೆ ನಾನು ಒಂದು. ನಾನು ಹಿಂದಿಯ ಇಡೀ ಜಗತ್ತು ಎಂದರೆ ಅವರು “ಸಾಲದು, ಮನೆಗೆ ಬಾ” ಎಂದರು. ಮರಾಠಿಯ ಬಕೆಟ್ಟು ಹಾಸಿಗೆ ತಂದೆ. ಲೆಕ್ಕದ ಅಕ್ಕ ಕೂತಲ್ಲೇ ಕೈ ಎತ್ತಿದರು. ತಮಿಳಿನ ತಾತನನ್ನು ತಂದೆ. ನಮ್ಮಲ್ಲೂ “ಸಂಸಾರಸಮೇತ ಬನ್ನಿ” ಎಂದು ಕರೆಯುತ್ತಾರಲ್ಲ, ಅದನ್ನೂ ತಂದೆ. “ಸಂಸಾರ ಸಾಗಿಸೋದು ಅಂತೀವಿ ನಾವು, ಧಾತು ಗೊತ್ತಿಲ್ಲದ ಅಜ್ಜಿ ಕೂಡ ಸಾಗಿಸೋದು ಅಂತಾಳೆ, ಹರಿಯೋದನ್ನ ಮರೆತೇ ಇಲ್ಲ ನೋಡಿ” ಎಂದೆ. ಅದು ತಾಲೀಮಿನಲ್ಲಿ ಇರಲಿಲ್ಲ, ಅಲ್ಲೇ ಹೊಳೆಯಿತು. ಮಾವ ತಲೆ ತೂಗಿ, “ಇದು ನನಗೆ ಹೊಳೆದಿರಲಿಲ್ಲ ಕಣಯ್ಯ” ಎಂದರು. ಎಲ್ಲರ ಎದುರಿಗೆ. ಪಾರ್ಸೆಲ್ಲಿನ ಮಾತು ಹೇಳಿದಾಗ ಶೆಡ್ಡಿನವರು “ಬೇಗ, ಬೇಗ” ಎಂದು ಕೂಗಿದರು.

ಗುಂಡಿಗಳು ಬಿದ್ದವು. ನಮ್ಮ ಜಾಡಿ ತುಂಬಿ, ಎರಡು ಗುಂಡಿ ಮೇಜಿನಿಂದ ಉರುಳಿ ಕೆಳಗೆ ಹೋದವು. ಬಂಗಾಳಿ ಪ್ಯಾಕರ್ ತನ್ನ ಅಂಗಿಯದೇ ಕಿತ್ತು ಹಾಕಿದ್ದನಂತೆ, ಎದೆ ಬಿಟ್ಟುಕೊಂಡು ಚಪ್ಪಾಳೆ ಹೊಡೆಯುತ್ತಿದ್ದ. ವಕೀಲರ ಹೆಂಡತಿ ತಮ್ಮ ಗುಂಡಿ ನಮ್ಮ ಜಾಡಿಗೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಅವರ ಸಂಸಾರದ ವಿಷಯ ನಮಗೇಕೆ.

ಎಲ್ಲರೂ ನನ್ನ ಬೆನ್ನು ತಟ್ಟಿದರು. ಎಂಥ ಸಮಯಪ್ರಜ್ಞೆ, ಎಂಥ ಐಡಿಯಾ ಎಂದರು. ಐಡಿಯಾ ಅಲ್ಲ ಸ್ವಾಮಿ, ನನಗೆ ನಿಜವಾಗಿ ಗ್ಯಾಸಿನ ಭಯ ಎಂದೆ. ಯಾರೂ ನಂಬಲಿಲ್ಲ. ಗಂಟೆ ಎತ್ತಿಕೊಂಡು ಅರ್ಧ ಓಡುತ್ತ ಮನೆಗೆ ಬಂದೆವು. ದಾರಿಯುದ್ದಕ್ಕೂ ಅದು ಬಡಿದುಕೊಳ್ಳುತ್ತಿತ್ತು, ಜನ ಕಿಟಕಿ ತೆರೆದು ನೋಡಿದರು.

ಗ್ಯಾಸು ಆರಿತ್ತು. ಆರಿಸಿದ್ದು ನಾನೇ ಎಂದು ಅವರು, ನಾನೇ ಎಂದು ನಾನು. ಮಲಗುವವರೆಗೂ ಇತ್ಯರ್ಥವಾಗಲಿಲ್ಲ.

ಒಂದು ಮಾತ್ರ ಬೇಜಾರು. ಇಷ್ಟು ವರ್ಷ ಬಹುವಚನದಲ್ಲಿ “ಅಳಿಯಂದ್ರೆ” ಎನ್ನುತ್ತಿದ್ದವರು ಸಭೆಯಲ್ಲಿ ಕಣಯ್ಯಾ, ನೀನು ಎಂದುಬಿಟ್ಟರು. ಮನೆಗೆ ಬಂದ ಮೇಲೂ ಅದೇ. ಗೆದ್ದ ಮೇಲೆ ನನ್ನ ಮರ್ಯಾದೆ ಇಳಿದಿದೆ.

ಗಂಟೆ ಮತ್ತೆ ಹೊಡೆಯುತ್ತಿದೆ. ಹೋಗುತ್ತೇನೆ.

ಫೆಬ್ರವರಿ ೨೬, ಬುಧವಾರ

ಬರೆಯಲು ಪುರಸೊತ್ತಿಲ್ಲ. ಗೆದ್ದವರೇ ಮುಂದಿನ ವರ್ಷದ ಶಬ್ದ ಎತ್ತಬೇಕು ಎಂಬುದು ಕೂಟದ ಪದ್ಧತಿ. ಟೀಚರ್ ಡಬ್ಬಿ ಮನೆಗೇ ತಂದರು. ಮಾವ ಕಣ್ಣು ಮುಚ್ಚಿ ಎತ್ತಿದ್ದು “ಅವಕಾಶ”. ಹಿಂದಿಯಲ್ಲಿ ಅದು ರಜೆಯಂತೆ, ಲಾರಿ ಡ್ರೈವರ್ ಆಗಲೇ ಹೇಳಿದ. ಡಾಕ್ಟರಮ್ಮನಿಗೆ ಅದು ಹಕ್ಕಂತೆ. ತೆಲುಗಿನ ಕಾವಲುಗಾರ ಹೋದ ಸಲ ತನ್ನನ್ನು ಬಿಟ್ಟಿರಿ ಎಂದು ಮುನಿಸಿಕೊಂಡಿದ್ದಾನೆ, ಅವನನ್ನು ನಾಳೆ ಚಹಾಕ್ಕೆ ಕರೆದಿದ್ದೇನೆ. ಎಲ್ಲರೂ ಬಂದು ಹೋಗಿ ಮನೆಯಲ್ಲಿ ತೊಳೆದ ಲೋಟ ಒಂದೂ ಇಲ್ಲ.

ಮಾರ್ಚ್ ೧, ಶನಿವಾರ

ಬಾಮೈದ ಹೇಳಿದ ಹೊತ್ತಿಗೆ ಸರಿಯಾಗಿ ಕಾರು ತಂದ. ನಾನು ಮರೆತೇಬಿಟ್ಟಿದ್ದೆ. ಮೇಜಿನ ಮೇಲೆ ನಿಘಂಟುಗಳು ಹರಡಿದ್ದವು, ಮಾವ ಒಂದರ ಮೇಲೆ ಚಹಾದ ಲೋಟ ಇಟ್ಟಿದ್ದಾರೆಂದು ನಾನು ಗದರುತ್ತಿದ್ದೆ.

“ಅಪ್ಪಾ, ರೆಡಿನಾ?” ಎಂದು ಅವನು ಕೋಣೆಗೆ ಹೋಗಿ ಸೂಟ್‌ಕೇಸ್ ಎತ್ತಿದ. ಸಲೀಸಾಗಿ ಮೇಲೆ ಬಂತು. ಬಿಚ್ಚಿ ನೋಡಿದರೆ ಖಾಲಿ.

“ಅಂಗಿಗಳೆಲ್ಲಿ ಭಾವ?”

“ಇಸ್ತ್ರಿಗೆ ತೆಗೆದಿದ್ದೆ. ಬೀರುವಲ್ಲಿವೆ.”

“ಪುಸ್ತಕ?”

“ಮೇಜಿನ ಮೇಲಿವೆ. ನಾಳೆ ಬೇಕಲ್ಲ, ಈಗ್ಲೇ ಯಾಕೆ ಎತ್ತಿಡೋದು?”

ಅವನು ನನ್ನ ಮುಖ ನೋಡಿದ. “ನಾಳೆ ಯಾಕೆ ಬೇಕು?” ಎಂದ. ನಾನು ಅವಕಾಶ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಜಾಗ ಎಂದು ಅರ್ಥ, ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಗಿದೆ, ಹುಟ್ಟು ಹೇಳುವವರು ಇಲ್ಲದೆ ತಿರುಗಾಟ ಹೇಳಲು ಬರುವುದಿಲ್ಲ, ಜೊತೆಗೆ ಬೀದಿ ಕಡೆಯ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ, ಇನ್ ಎ ನಟ್‌ಶೆಲ್ ಮುಂದಿನ ಫೆಬ್ರವರಿಯವರೆಗೆ ತುಂಬಾ ಕೆಲಸ ಇದೆ ಎಂದು ವಿವರಿಸಿದೆ. ಸ್ವಲ್ಪ ಉದ್ದವಾಯಿತು. ಅವನು ಬಾಗಿಲಿಗೆ ಒರಗಿ ನಗುತ್ತಿದ್ದ. ಇವಳ ನಗುವೇ ಅದು, ಒಂದು ಕಡೆಗೆ.

ಮಾವ ಎದ್ದು ಅಡುಗೆಮನೆಗೆ ಹೋದರು. ಬಾಗಿಲು ತೆರೆಯುವ ಸದ್ದು ಕೇಳಿತು. ಬಹಳ ದಿನವಾಗಿತ್ತು.

“ಕೆಲವರು ಇಷ್ಟು ದೂರ ಕಾರು ಓಡಿಸ್ಕೊಂಡು ಬಂದಿದಾರೆ,” ಎಂದು ಫ್ರಿಜ್ಜಿಗೆ ಹೇಳಿದರು, “ಬರಿಗೈಲಿ ಹೋಗ್ಬಾರ್ದು ಅಂತ ಊಟ ಮಾಡ್ಕೊಂಡು ಹೋಗ್ತಾರಂತೆ. ಇನ್ನು ಕೆಲವರು ಅಲ್ಲೇ ಭಾಷಣ ಮಾಡ್ತಾ ನಿಂತಿದಾರೆ. ಬಂದು ಗ್ಯಾಸ್ ಹಚ್ಚಬಹುದು.”

“ಹಚ್ಚೋದು ನಾನು,” ಎಂದೆ, “ಆರಿಸೋದು ನೀವು. ಈಗ್ಲೇ ಮಾತಾಗಿಬಿಡಲಿ. ನಿಮ್ಮ ಮಗನೇ ಸಾಕ್ಷಿ.”

ಹಚ್ಚಿದೆ. ಖಾಲಿ ಸೂಟ್‌ಕೇಸನ್ನು ಬಾಮೈದ ಮತ್ತೆ ಅಟ್ಟಕ್ಕೆ ಹಾಕಿದ. ಈ ಸಲ ಕೆಳಗಿನಿಂದ ನಾನು ಹಿಡಿದುಕೊಂಡೆ.